ವರ್ಗ ಆದವರ ಮನಿ ಸಾಮಾನು ಕೊಳ್ಳೋದು: ಏನ್ ನೋಡಬೇಕು, ಏನ್ ಬಿಡಬೇಕು?

ಕೇಶ್ವಾಪುರದಾಕಿ:

ನಮಸ್ಕಾರ್ರಿ. ಸಾಲಿ ಸೂಟಿ ಬಿದ್ದ ಮ್ಯಾಲೆ ನಮ್ಮ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್, ವಿದ್ಯಾನಗರ, ನವನಗರದ ಕಡೆ ವರ್ಗ ಆದವರು ಮನಿ ಖಾಲಿ ಮಾಡೋದು ಚಾಲೂ ಆಗ್ತದ. ಬ್ಯಾರೆ ದೇಶದಾಗ ಗ್ಯಾರೇಜ್ ಸೇಲ್ ಅಂತಾರಲ್ಲ, ನಮ್ಮಲ್ಲಿ ಗ್ಯಾರೇಜೂ ಇಲ್ಲ, ಬೋರ್ಡೂ ಇಲ್ಲ. ಪಡಸಾಲ್ಯಾಗ ಸಾಮಾನು ಹರವಿ, ವಾಟ್ಸಾಪಿನ್ಯಾಗ ಫೋಟೋ ಹಾಕಿ, ಬೇಕಾದವರು ಬಂದು ನೋಡ್ರಿ ಅಂತಾರ.

ನಮಗ ಬೇಕಾದದ್ದು: ಸಣ್ಣ ಫ್ರಿಜ್, ಹೊಲಿಗಿ ಮಷೀನ್, ಅರಿವಿ ಇಡೋ ಕಬ್ಬಣದ ಒಂದು ತಿಜೋರಿ, ಒಂದು ಕಾಟ್, ಸಿಕ್ಕರ ತಾಮ್ರದ ಹಂಡೆ. ಬಾಡಿಗಿ ಮನಿ, ಮೊದಲನೇ ಮಜಲು. 7 ಮತ್ತ 11 ವರ್ಷದ ಮಕ್ಕಳು ಸಂಗಾಟ ಇರ್ತಾರ. ಯಾವಾಗ ಹೋಗಬೇಕು, ಏನ್ ಒಯ್ಯಬೇಕು, ಯಾವುದನ್ನ ಮುಟ್ಟಬಾರದು? ಬೆಲಿ ಹ್ಯಾಂಗ ಕೇಳೋದು? ಚೌಕಾಸಿ ಅಂದ್ರ ನಮ್ಮ ಮನಿಯವರು ನಾಚ್ಕೊತಾರ.

ಸೋವಿ_ಧಾರವಾಡ:

ಅಕ್ಕಾರ, ಮೊದಲ ಒಂದ ಕೇಳ್ರಿ: ಅವರ ಸಾಮಾನು ಒಯ್ಯೋ ಲಾರಿ ಯಾವತ್ತು ಬರ್ತದ? ಉಳಿದ ಲೆಕ್ಕ ಎಲ್ಲಾ ಅದರ ಮ್ಯಾಲೆ. ಲಾರಿಗೆ ಹತ್ತು ದಿನ ಇದ್ದಾಗ ಹೋದ್ರ ಛಲೋ ಸಾಮಾನು ಸಿಗ್ತಾವ, ಬೆಲಿ ಬಗ್ಗಂಗಿಲ್ಲ. ಹಿಂದಿನ ದಿನ ಸಂಜಿಮುಂದ ಹೋದ್ರ ಬೆಲಿ ಬಿದ್ದಿರ್ತದ, ಆದ್ರ ಉಳಿದಿರೋದು ಹೂಕುಂಡ, ಬಕೆಟ್, ಪರದೆ ರಾಡು. ಹಂಗಾಗಿ ಫ್ರಿಜ್, ಮಷೀನಿಗೆ ಮೊದಲ ದಿನ. ಬಾಂಡೆ, ಪುಸ್ತಕ, ಆಟಿಗಿ ಸಾಮಾನಿಗೆ ಕಡೀ ದಿನ. ಆಷಾಢದಾಗ ಮನಿ ಬದಲಿ ಮಾಡೋರು ಕಡಿಮಿ, ಅದರ ಒಳಗ ಮುಗಿಸ್ಕೊಳ್ರಿ. ಧಾರವಾಡ ಸಪ್ತಾಪುರದ ಕಡೆ ಹುಡುಗೂರು ರೂಮ್ ಬಿಡೋ ಹೊತ್ತಿಗೆ ಟೇಬಲ್, ಖುರ್ಚಿ, ಒಬ್ಬರು ಮಲಗೋ ಕಾಟ್ ಸೋವಿ ಸಿಗ್ತಾವ.

ಚೀಲದಾಗ ಇರಬೇಕಾದದ್ದು: 5 ಮೀಟರ್ ಟೇಪು, ಟಾರ್ಚು, ಪ್ರವಾಸದ ಬ್ಯಾಗ್ ತೂಗೋ 50 ಕಿಲೋದ ಕೈ ತಕ್ಕಡಿ, ಸಣ್ಣ ಅಯಸ್ಕಾಂತ, ಹಳೇ ಎಟಿಎಂ ಕಾರ್ಡು, ಎರಡು ಪೆನ್ಸಿಲ್ ಸೆಲ್ಲು. ರೊಕ್ಕ ನೂರರ ನೋಟಿನ್ಯಾಗ ಇರಲಿ. ಐದನೂರರ ಕಟ್ಟು ತೆಗೆದು ಇನ್ನೂರು ಕಡಿಮಿ ಮಾಡ್ರಿ ಅಂದ್ರ ಯಾರು ಮಾಡ್ತಾರ?

ಬೆಲಿ ವಿಷಯ. ಅದ ಸೈಜಿನ ಹೊಸಾದು ಇವತ್ತು ಎಷ್ಟಕ್ಕ ಸಿಗ್ತದ ಅಂತ ಮನಿ ಬಿಡೋಕಿಂತ ಮೊದಲ ಫೋನಿನ್ಯಾಗ ನೋಡ್ಕೊಳ್ರಿ. ಅವರು ಕೊಂಡಾಗಿನ ಬೆಲಿ ಕಟ್ಕೊಂಡು ನಮಗೇನು? ಹೊಸದರ ಅರ್ಧ ಹಿಡಿದು, ರಿಪೇರಿ ಮತ್ತ ಗಾಡಿ ಬಾಡಿಗಿ ಅದರಾಗ ಕಳೀರಿ. ಅಂದಾಜಿಗೆ: ಹೊಸಾದು ₹14,000, ಅರ್ಧ ₹7,000, ರಿಪೇರಿ ₹900, ಗಾಡಿ ₹600, ನಿಮ್ಮ ಮಾತು ₹5,500. ನಾಚಿಕೀನೂ ಬ್ಯಾಡ, ಹೆಸರಿಡೋದೂ ಬ್ಯಾಡ. ಅವರು ಸಂಸಾರ ಮಾಡಿದ ಸಾಮಾನಿಗೆ ‘ಇದೇನ್ರೀ ಗುಜರಿ’ ಅಂದ್ರ ಮಾತು ಅಲ್ಲಿಗೇ ನಿಲ್ತದ. ‘ನಮ್ಮ ಕೈಲೆ ಇಷ್ಟ ಆಗ್ತದ ನೋಡ್ರಿ’ ಅಂದು ಸುಮ್ಮನ ನಿಲ್ರಿ. ನಾಕು ಸಾಮಾನು ಕೂಡಿಸಿ ಒಂದ ಬೆಲಿ ಕೇಳಿದ್ರ ಇನ್ನೂ ಛಲೋ, ಯಾಕಂದ್ರ ಅವರಿಗೂ ನಾಕು ಗಿರಾಕಿ ಬಂದು ಹೋಗೋದು ತಪ್ತದ.

ಮಕ್ಕಳಿಗೆ ತಲಿಗೆ ₹100 ಕೊಟ್ಟುಬಿಡ್ರಿ, ಮುಗಿದ ಮ್ಯಾಲೆ ಮುಗೀತು. ಸೆಲ್ಲಿನ ಆಟಿಗಿ ಇದ್ರ ಮುಚ್ಚಳ ತೆಗೆದು ನೋಡ್ಲಿ. ಸ್ಪ್ರಿಂಗಿಗೆ ಹಸರು ಹಿಟ್ಟು ಹತ್ತಿದ್ರ ಬ್ಯಾಡ. ದೊಡ್ಡಾಂವನ ಕೈಯಾಗ ಟೇಪು, ವಹಿ ಕೊಡ್ರಿ. 7 ವರ್ಷದ್ದಕ್ಕ ಸೈಕಲ್ ನೋಡೋದಿದ್ರ 20 ಇಂಚಿಂದು. ಸೀಟು ಪೂರಾ ಇಳಿಸಿ ಕೂತಾಗ ಎರಡೂ ಕಾಲಿನ ಬೆರಳು ನೆಲಕ್ಕ ಹತ್ತಬೇಕು. ಹಳೇ ಹೆಲ್ಮೆಟ್ ಬ್ಯಾಡ, ಒಳಗಿನ ಥರ್ಮಾಕೋಲ್ ಸೀಳಿದ್ದು ಹೊರಗ ಕಾಣಂಗಿಲ್ಲ.

ಗದಗ_ರಿಪೇರಿ:

ಫ್ರಿಜ್ ನೋಡೋಕ ಹೋಗೋ ಹಿಂದಿನ ರಾತ್ರೀನ ಫೋನ್ ಮಾಡ್ರಿ: ‘ಚಾಲೂ ಇಡ್ರಿ, ಒಂದು ಬಟ್ಟಲು ನೀರು ಫ್ರೀಜರ್‌ನ್ಯಾಗ ಇಡ್ರಿ.’ ಮುಂಜಾನೆ ಅದು ಕಲ್ಲಿನಂಗ ಗಟ್ಟಿ ಆಗಿದ್ರ ಗ್ಯಾಸು, ಕಂಪ್ರೆಸರ್ ಎರಡೂ ಅದಾವ. ‘ನಿನ್ನೇನ ಬಂದ್ ಮಾಡಿ ತೊಳೆದೇವ್ರಿ’ ಅಂದ್ರ ಹಚ್ಚಿಸಿ, ನಾಕು ತಾಸು ಬಿಟ್ಟು ಹೊಳ್ಳಿ ಬರ್ರಿ. ಹಚ್ಚಿ ಐದು ನಿಮಿಷ ಗುರ್ ಅಂದದ್ದು ಕೇಳಿ ರೊಕ್ಕ ಕೊಡಬ್ಯಾಡ್ರಿ. ಗ್ಯಾಸ್ ಇಲ್ಲದ ಫ್ರಿಜ್ಜೂ ಗುರ್ ಅಂತದ.

ಒಂದ ಬಾಗಿಲಿನ ಫ್ರಿಜ್ಜಿದ್ರ ಫ್ರೀಜರ್ ಗೋಡಿಗೆ ಟಾರ್ಚ್ ಬಿಡ್ರಿ. ಬರ್ಫ ಕೀಳಾಕ ಚಾಕು ಹಾಕೋ ಮನ್ಯಾಗ ಅಲ್ಲಿ ಎಂ-ಸೀಲಿನ ಬೂದಿ ಬಣ್ಣದ ಕಲಿ ಇರ್ತದ. ಅಂದ್ರ ಒಂದು ಸಲ ತೂತು ಬಿದ್ದು ಗ್ಯಾಸ್ ಹೋಗಿ, ಮತ್ತ ತುಂಬಿಸ್ಯಾರ. ಅದನ್ನ ಎಷ್ಟ ಸೋವಿ ಕೊಟ್ಟರೂ ಬಿಡ್ರಿ. ಆಮ್ಯಾಲೆ ಒಂದು ಚೀಟಿ ಬಾಗಿಲಿಗೆ ಸಿಗಿಸಿ ಮುಚ್ಚಿ ಜಗ್ಗಿ ನೋಡ್ರಿ, ನಾಕೂ ಕಡೆ. ಸರಳ ಜಾರಿ ಬಂದ ಜಾಗಾದಾಗ ಗ್ಯಾಸ್ಕೆಟ್ (ಬಾಗಿಲ ಅಂಚಿನ ರಬ್ಬರ್) ಸಡಿಲ. ಹರಿದಿಲ್ಲಂದ್ರ ಬಿಸಿನೀರಿನ ಅರಿವಿ ಒತ್ತಿದ್ರ ಕೂಡ್ತದ, ಹರಿದಿದ್ರ ಹೊಸಾದರ ಬೆಲಿ ಕಳೀರಿ. ಸ್ಟಾರ್ ಚೀಟಿ ಮ್ಯಾಲೆ ವರ್ಷ ಬರೆದಿರ್ತದ, ಅದನ್ನೂ ಓದ್ರಿ. ಹಳೇ ವರ್ಷದ 5 ಸ್ಟಾರು ಇವತ್ತಿನ 5 ಸ್ಟಾರ್ ಅಲ್ಲ, ಮಾನದಂಡ ಮ್ಯಾಲಿಂದ ಮ್ಯಾಲೆ ಬಿಗಿ ಆಗ್ಯಾವ.

ಒಯ್ಯೋವಾಗ ನಿಲ್ಲಿಸೇ ಒಯ್ರಿ. ಮಲಗಿಸಿದ್ರ ಕಂಪ್ರೆಸರಿನ ಎಣ್ಣಿ ಪೈಪಿನ್ಯಾಗ ಹರೀತದ. ಹಂಗೇ ಹಚ್ಚಿದ್ರ ಎಣ್ಣಿ ಇಲ್ಲದ ತಿರುಗಿ ಕೆಡ್ತದ. ನಿಂತಂಗ ತಂದಿದ್ರ ಮೂರ್ನಾಕು ತಾಸು, ಮಲಗಿಸಿ ತಂದಿದ್ರ ಒಂದು ದಿನ ಪೂರಾ ನಿಲ್ಲಿಸಿ ಆಮ್ಯಾಲೆ ಹಚ್ಚ್ರಿ.

ಉಳಿದದ್ದು ಲಗೂನ ಹೇಳ್ತೀನಿ. ಮಿಕ್ಸರ್ ತಿರುಗಿಸಿ ತಳದ ಕಿಂಡಿಯೊಳಗ ನೋಡ್ರಿ: ಸಣ್ಣ ಕಿಡಿ ನಡೀತದ, ಬಳಿಯಂಗ ಸುತ್ತ ಕಿಡಿ ಹಾರಿ ಸುಟ್ಟ ವಾಸನಿ ಬಂದ್ರ ಬ್ಯಾಡ. ಜಾರಿನ್ಯಾಗ ನೀರು ಹಾಕಿ ಐದು ನಿಮಿಷ ಇಡ್ರಿ, ತಳ ಒಸರಿದ್ರ ಬುಷ್ (ಬ್ಲೇಡಿನ ಬುಡದ ಬಿಲ್ಲಿ) ಹೋಗೇದ. ಫ್ಯಾನ್ ನಿಧಾನ ಇದ್ರ ಹೆಚ್ಚಾಗಿ 2.5 ಮೈಕ್ರೋಫ್ಯಾರಡ್ ಕಂಡೆನ್ಸರ್ ಸತ್ತಿರ್ತದ, ಅದು ಸಣ್ಣ ಖರ್ಚು. ಕುಕ್ಕರ್ ತಳ ಕಡಪಾ ಕಲ್ಲಿನ ಮ್ಯಾಲೆ ಇಟ್ಟು ಒತ್ತಿದಾಗ ಅಲ್ಲಾಡಿದ್ರ ತಳ ಉಬ್ಬೇದ, ಬಿಡ್ರಿ. ತಳ ಸಪಾಟ ಇದ್ರ ಅದ ಕಂಪನೀದು ಹೊಸ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಹಾಕಿಸೇ ಒಲಿ ಮ್ಯಾಲೆ ಇಡ್ರಿ.

ಮುಟ್ಟಲಾರದ್ದು: ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ (ಅವು ಕಂಪನಿ ಆಸ್ತಿ, ಮಾರೋ ಹಕ್ಕು ಅವರಿಗಿಲ್ಲ), ಹಳೇ ರಬ್ಬರ್ ನಳಿಗಿ, ಗಾದಿ, ತಲಿದಿಂಬು. ಇನ್ವರ್ಟರ್ ಬ್ಯಾಟರಿಗೆ ಗುಜರಿ ಬೆಲಿ ಮ್ಯಾಲೆ ಒಂದು ರೂಪಾಯಿನೂ ಕೊಡಬ್ಯಾಡ್ರಿ.

ನೂಲು_ಸೂಜಿ:

ಹೊಲಿಗಿ ಮಷೀನಿಗೆ ಒಂದು ಹೊಸ 16 ನಂಬರ್ ಸೂಜಿ, ನೂಲಿನ ಉಂಡಿ, ಎರಡು ತುಂಡು ಕಾಟನ್, ಒಂದು ತುಂಡು ಜೀನ್ಸ್ ಕಟಗೊಂಡು ಹೋಗ್ರಿ.

ಮೊದಲು ನೂಲು ತೆಗೆದು, ಚಕ್ರವನ್ನ ಕೈಲೆ ನಿಮ್ಮ ಕಡೆಗೆ ತಿರುಗಿಸ್ರಿ. ಬಿಗಿ ಇದ್ರ ಹೆದರಬ್ಯಾಡ್ರಿ, ಯಾವ ಥರದ ಬಿಗಿ ಅಂತ ನೋಡ್ರಿ. ಪ್ರತಿ ಸುತ್ತಿಗೂ ಅದ ಜಾಗಾದಾಗ ತಡೆದ್ರ ಶಟಲ್‌ನ್ಯಾಗ (ಕೆಳಗ ಬಾಬಿನ್ ಕೂಡೋ ಭಾಗದಾಗ) ನೂಲು ಸಿಕ್ಕಿರಬೇಕು, ಇಲ್ಲಾ ಸೂಜಿ ದಂಡ ಬಗ್ಗಿರಬೇಕು. ಶಟಲ್ ಬಿಚ್ಚಿ ನೋಡಿದ ಮ್ಯಾಲೂ ತಡೆದ್ರ ಹೊಳ್ಳಿ ಬರ್ರಿ. ಸುತ್ತೆಲ್ಲಾ ಒಂದ ಸಮ ಬಿಗಿ ಇದ್ರ ಎಣ್ಣಿ ಅಂಟಾಗಿ ಕೂತದ. ಮನ್ಯಾಗಿನ ಕೊಬ್ರಿ ಎಣ್ಣಿ ಬಿಟ್ಟ ಮಷೀನು ಹಿಂಗ ಆಗ್ತಾವ. ಇದು ಭಾಳ ಸೋವಿ ಬ್ಯಾನಿ. ತೂತುಗಳಿಗೆ ಎರಡೆರಡು ಹನಿ ಸೀಮೆಎಣ್ಣಿ ಬಿಟ್ಟು, ನೂಲಿಲ್ಲದ ಹತ್ತು ನಿಮಿಷ ತುಳಿದು, ಕರೀ ಕೊಳಿ ಒರಸಿ, ಮಷೀನ್ ಎಣ್ಣಿ ಹಾಕಿದ್ರ ಹಗುರ ಆಗ್ತದ. ಮಾರೋರಿಗೆ ಇದು ಗೊತ್ತಿಲ್ಲದ ‘ಕೆಟ್ಟದ’ ಅಂತ ಬೆಲಿ ಇಳಿಸಿರ್ತಾರ.

ಪಾದದ ಕೆಳಗಿನ ಹಲ್ಲಿನ ಮ್ಯಾಲೆ ಬೆರಳು ಆಡಿಸ್ರಿ, ಗರಗರ ಅನ್ನಬೇಕು. ನುಣ್ಣಗಿದ್ರ ಅರಿವಿ ಮುಂದ ಸರಿಯಂಗಿಲ್ಲ. ಆಮ್ಯಾಲೆ ನಿಮ್ಮ ಹೊಸ ಸೂಜಿ ಹಾಕಿ ಹೊಲೀರಿ. ಹೊಲಿಗಿ ಬಿಟ್ಟುಬಿಟ್ಟು ಬೀಳೋದಕ್ಕ ಅರ್ಧ ಸಲ ಹಳೇ ಸೂಜೀನ ಕಾರಣ. ಅರಿವಿ ತಿರುವಿ ನೋಡ್ರಿ. ಕೆಳಗ ಕುಣಿಕಿ ಕುಣಿಕಿ ಬಂದ್ರ ಮ್ಯಾಲಿನ ನೂಲು ಸಡಿಲ, ಮ್ಯಾಲೆ ಬಂದ್ರ ಬಾಬಿನ್ ಕೇಸಿನ ಸ್ಕ್ರೂ ಸಡಿಲ. ಎರಡೂ ಕೈಲೆ ಸರಿ ಆಗೋ ಮಾತು. ಜೀನ್ಸ್ ನಾಕು ಮಡಿಕಿ ಕೊಟ್ಟಾಗ ದಾಟಿದ್ರ ತೊಗೊಳ್ರಿ. ಬೆಲ್ಟು ಹರಿದದ್ದು ಲೆಕ್ಕಕ್ಕಿಲ್ಲ.

ಕೇಶ್ವಾಪುರದಾಕಿ:

ಭಾಳ ಉಪಕಾರ ಆತ್ರಿ. ತಿಜೋರಿ, ಕಾಟ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಜಿನಿ (ಮೆಟ್ಟಿಲು) ನಡುವ ಹೊಳ್ಳತಾವ. ತಗಣಿ ಅಂದ್ರಂತೂ ಅಂಜಿಕಿ.

ಬಡಿಗ್ಯಾ_ಹಾವೇರಿ:

ಆರೂವರಿ ಫೂಟಿನ ತಿಜೋರಿ ಅಂದ್ರ ಎತ್ತರ 78 ಇಂಚು, ಆಳ ಸುಮಾರು 19. ಖೋಲಿಯೊಳಗ ಮಲಗಿಸಿ ಎಬ್ಬಿಸೋವಾಗ ಮೂಲಿಯಿಂದ ಮೂಲಿಗೆ 80 ಇಂಚಿನ ಮ್ಯಾಲೆ ಬೇಕಾಗ್ತದ. ಮ್ಯಾಲೆ ಲಾಫ್ಟ್ ಇದ್ರ ಮೊದಲ ಅದನ್ನ ಅಳೀರಿ. ಜಿನಿಗೆ 78 ಇಂಚಿನ ಒಂದು ಕೋಲು ಹಿಡಿದು ತಿರುವಿನ್ಯಾಗ ಹಾಯಿಸಿ ನೋಡ್ರಿ. ಕೋಲೇ ತಿರುಗಲಿಲ್ಲಂದ್ರ ತಿಜೋರಿ ಎಲ್ಲಿ ತಿರುಗ್ತದ? ಆಗ ಬಾಲ್ಕನಿ ಮ್ಯಾಲಿಂದ ಹಗ್ಗ ಹಾಕಿ ಎತ್ತಬೇಕು, ಅದರ ಕೂಲಿ ಬ್ಯಾರೆ.

ತಳದ ಹಲಗಿ ಕೆಳಗ ಸ್ಕ್ರೂಡ್ರೈವರ್ ಒತ್ತ್ರಿ. ನೆಲ ಒರಸೋ ನೀರು ಹತ್ತಿ ಹತ್ತಿ ಅಲ್ಲೇ ತುಕ್ಕು ಹಿಡೀತದ. ಹಿಟ್ಟಿನಂಗ ಉದುರಿದ್ರ ಬಿಡ್ರಿ. ಹೊರಗಿಂದು, ಒಳಗಿನ ಲಾಕರಿಂದು, ಎರಡೂ ಕೀಲಿ ತಿರುಗಿಸಿ ನೋಡ್ರಿ. ಚೋರ ಖಾನೆ ಅವರ ಮುಂದನ ಖಾಲಿ ಮಾಡಿಸ್ರಿ. ಹಿಂದಿನಿಂದ ‘ನಮ್ಮ ಉಂಗುರ ಅದರಾಗ ಇತ್ತು’ ಅನ್ನೋ ಮಾತು ಬ್ಯಾಡ.

ಕಾಟ್ ಸಾಗವಾನಿದಿದ್ರ ಬೋಲ್ಟ್ ಬಿಚ್ಚಿ ಎಷ್ಟ ಸಲ ಕೂಡಿಸಿದ್ರೂ ನಡೀತದ. ಭೂಸಾ ಒತ್ತಿ ಮಾಡಿದ ಬೋರ್ಡಿಂದು ಒಂದು ಸಲ ಬಿಚ್ಚಿದ್ರ ಸ್ಕ್ರೂ ತೂತು ಹಿಡಿಯಂಗಿಲ್ಲ. ಕೂಡೇ ಇದ್ದಾಗ ಗಟ್ಟಿ ಕಾಣ್ತದ, ನಿಮ್ಮ ಮನ್ಯಾಗ ಕೂಡಿಸಿದಾಗ ಅಲ್ಲಾಡ್ತದ. ಹಲಗಿ ಅಂಚು ನೋಡಿದ್ರ ಗೊತ್ತಾಗ್ತದ: ಭೂಸಾ ಕಾಳು ಕಾಳು ಕಾಣ್ತದ.

ತಗಣಿಗೆ ಟಾರ್ಚು, ಎಟಿಎಂ ಕಾರ್ಡು. ಕಾಲು ಪಟ್ಟಿಗೆ ಕೂಡೋ ಸಂದು, ಸ್ಕ್ರೂ ತೂತು, ತಲಿ ಕಡೆ ಹಲಗಿ ಹಿಂಭಾಗ. ಕಾರ್ಡಿನ ಅಂಚು ಸಂದಿನ್ಯಾಗ ಎಳೀರಿ. ಶಾಯಿ ಚುಕ್ಕಿಯಂಥಾ ಕರೀ ಕಲಿ, ಬಿಳೀ ಪೊರಿ, ಎಳ್ಳಿಗಿಂತ ಸಣ್ಣ ತತ್ತಿ ಬಂದ್ರ ಕಟಗಿ ಕಾಟ್ ಬ್ಯಾಡೇ ಬ್ಯಾಡ. ಕಬ್ಬಣದ್ದಿದ್ರ ಅಂಗಳದಾಗ ಬಿಚ್ಚಿ, ಕೊಳವಿ ಬಾಯಿ, ಸಂದಿಗೆ ಕುದಿಯೋ ನೀರು ಹೊಯ್ದು, ವಾರ ಬಿಟ್ಟು ಮತ್ತ ಒಮ್ಮೆ ಹೊಯ್ದು ಒಳಗ ಒಯ್ರಿ. ಬರೇ ಬಿಸಿಲಿಗೆ ಇಟ್ಟರ ಸಾಲದು, ನೆರಳಿನ ಬದಿಗೆ ಸರದು ಕೂಡ್ತಾವ. ಖಾಲಿ ಮನ್ಯಾಗ ಇಟ್ಟು ಉಪವಾಸ ಕೆಡವಿದ್ರೂ ತಿಂಗಳುಗಟ್ಟಲೆ ಸಾಯಂಗಿಲ್ಲ.

ಹಿತ್ತಾಳಿ_ತಾಮ್ರ:

ಹಂಡೆ ತೂಕದ ಮ್ಯಾಲೆ ಹೋಗಬೇಕು, ಚಂದದ ಮ್ಯಾಲೆ ಅಲ್ಲ. ಅವತ್ತ ಮುಂಜಾನೆ ಎರಡು ಗುಜರಿ ಅಂಗಡ್ಯಾಗ ತಾಮ್ರ ಕಿಲೋ ಎಷ್ಟಕ್ಕ ತೊಗೊತೀರಿ ಅಂತ ಕೇಳ್ರಿ, ಒಂದು ಬಾಂಡೆ ಅಂಗಡ್ಯಾಗ ಹೊಸ ಹಂಡೆ ಕಿಲೋ ಎಷ್ಟಕ್ಕ ಮಾರ್ತೀರಿ ಅಂತ ಕೇಳ್ರಿ. ಮೊದಲಿಂದರ ಕೆಳಗ ಅವರು ಕೊಡಂಗಿಲ್ಲ, ಎರಡನೇದರ ಹತ್ತರ ನೀವು ಹೋಗಬಾರದು.

ಅಯಸ್ಕಾಂತ ಹೊಟ್ಟಿಗೆ ಹಚ್ಚ್ರಿ, ಹಿಡಿಬಾರದು. ಕಂಠದಾಗ ಹಿಡಿದ್ರ ಅಂಜಬ್ಯಾಡ್ರಿ: ಅಂಚು ಮಡಚೋವಾಗ ಒಳಗ ಕಬ್ಬಣದ ತಂತಿ ಹಾಕೋ ಪದ್ಧತಿ ಅದ, ತೂಕದಾಗ ಅಷ್ಟು ಕಳೀರಿ. ಬಾಯಿತನಕ ನೀರು ತುಂಬಿ ಒಣಾ ಪೇಪರ್ ಮ್ಯಾಲೆ ಕಾಲು ತಾಸು ಇಡ್ರಿ. ಪೇಪರ್ ಒದ್ದಿ ಆದ್ರ ಸೋರ್ತದ. ತಳದಾಗ ಮಂಕು ಬೆಳ್ಳಿ ಬಣ್ಣದ ಬೆಸುಗಿ ಇದ್ದದ್ದು ಕುಡಿಯೋ ನೀರಿಗೆ ಬ್ಯಾಡ, ಅದರಾಗ ಸೀಸ ಇರಬಹುದು. ನೀರು ತೀರಿದ ಮ್ಯಾಲೂ ಉರಿ ಇದ್ರ ಬೆಸುಗಿ ಕರಗಿ ಬಿಡ್ತದ. ಹಿತ್ತಾಳಿ ಪಾತೇಲಿ ಸಿಕ್ಕರ ಒಳಗ ಕಲಾಯಿ (ತವರದ ಲೇಪ) ಅದನೋ ನೋಡ್ರಿ. ಹೋಗಿದ್ರ ಸಾರು, ಹುಳಿ ಅದರಾಗ ಮಾಡಬ್ಯಾಡ್ರಿ, ಕಲಾಯಿ ಮಾಡಿಸೋ ಖರ್ಚು ಬೆಲ್ಯಾಗ ಹಿಡೀರಿ.

ಇನ್ನೊಂದು. ಕೆಲವು ಮನ್ಯಾಗ ಶುಕ್ರವಾರ, ದೀಪ ಹಚ್ಚೋ ಹೊತ್ತಿನ್ಯಾಗ ತಾಮ್ರ ಹಿತ್ತಾಳಿ ಹೊರಗ ಕೊಡಂಗಿಲ್ಲ. ಆ ಹೊತ್ತಿಗೆ ಹೋಗಿ ಬಾಯಿಬಿಟ್ಟು ಕೇಳಿ, ಅವರನ್ನ ಪೇಚಿಗೆ ಸಿಗಿಸಬ್ಯಾಡ್ರಿ.

ಸೋವಿ_ಧಾರವಾಡ:

ಒಂದು ಮರೆತಿದ್ದೆ. ಆನ್‌ಲೈನ್‌ನ್ಯಾಗ ‘ಆರ್ಮಿಯಾಗ ಇದ್ದೇನಿ, ಟ್ರಾನ್ಸ್‌ಫರ್ ಆಗೇದ, ಫ್ರಿಜ್ ₹3,000, ಅಡ್ವಾನ್ಸ್ ಹಾಕ್ರಿ, ನಮ್ಮ ಲಾರಿ ತಂದು ಇಳಸ್ತದ’ ಅಂತ ಗುರುತಿನ ಚೀಟಿ ಫೋಟೋ ಸಮೇತ ಬಂದ್ರ ಅದು ಮೋಸ. ಸಾಮಾನು ಕಣ್ಣಿಲೆ ನೋಡೋ ತನಕ ಒಂದು ರೂಪಾಯಿ ಕಳಿಸಬ್ಯಾಡ್ರಿ. ರೊಕ್ಕ ನಿಮ್ಮ ಕಡೆ ಬರಾಕ ಯುಪಿಐ ಪಿನ್ ಒತ್ತೋದು ಬೇಕಾಗಂಗಿಲ್ಲ. ರೊಕ್ಕ ಹೋಗಿದ್ರ ತಡ ಮಾಡದ 1930ಕ್ಕ ಫೋನ್ ಹಚ್ಚ್ರಿ.

ಕೇಶ್ವಾಪುರದಾಕಿ:

ತಿಳೀತ್ರಿ. ಕೋಲು ಹಿಡಿದು ನೋಡಿದ್ವಿ, ಎರಡನೇ ತಿರುವಿನ್ಯಾಗ ಸಿಗತದ. ತಿಜೋರಿ ಆಸೆ ಬಿಟ್ಟು, ಬಿಚ್ಚಿ ಕೂಡಿಸೋ ಕಪಾಟು ನೋಡ್ತೀವಿ.

ಬಡಿಗ್ಯಾ_ಹಾವೇರಿ:

ಹಂಗಾದ್ರ ಬಿಚ್ಚೋಕಿಂತ ಮೊದಲ ಪ್ರತಿ ಕೂಡೋ ಜಾಗಾಕ್ಕೂ ಎರಡೂ ಕಡೆ ಒಂದ ನಂಬರ್ ಬರೆದ ಚೀಟಿ ಅಂಟಸ್ರಿ, ಫೋಟೋ ತಗೀರಿ. ಬೋಲ್ಟು ಒಂದು ಡಬ್ಬ್ಯಾಗ ಹಾಕಿ ಆ ಡಬ್ಬಿ ಮಕ್ಕಳ ಕೈಯಾಗ ಕೊಡ್ರಿ, ಗಾಡ್ಯಾಗ ಇಡಬ್ಯಾಡ್ರಿ.