ಜಮೈಕದ ‘ಕಾಚ್’ ಎಂಬ ಮಾತಿಗೆ ಕನ್ನಡದಲ್ಲಿ ಏನೆನ್ನಬೇಕು?

ಸರಸ್ವತಿಪುರಂ ವಾಚಕಿ, ಮೈಸೂರು:

ಜಮೈಕದ ಒಂದು ಸಣ್ಣಕತೆಯನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಎರಡು ವಾರದಿಂದ ತೊಡಗಿದ್ದೇನೆ. ಕೆಲಸ ಹುಡುಕಿಕೊಂಡು ಕಿಂಗ್‌ಸ್ಟನ್‌ಗೆ ಬಂದ ಹಳ್ಳಿಯ ಹುಡುಗನೊಬ್ಬ ಗುರುತಿನವರ ಮನೆಯ ಬಾಗಿಲಲ್ಲಿ ನಿಂತು, ಆ ರಾತ್ರಿ ಅಲ್ಲಿ ‘ಕಾಚ್’ ಮಾಡಲು ಜಾಗ ಕೇಳುತ್ತಾನೆ. ಅಂತರ್ಜಾಲದ ಆಡುನುಡಿಯ ಪಟ್ಟಿಗಳಲ್ಲಿ ಈ ಪದಕ್ಕೆ ವಿಶ್ರಾಂತಿ ಪಡೆಯುವುದು, ಆರಾಮವಾಗಿ ಹೊತ್ತು ಕಳೆಯುವುದು ಎಂಬ ಅರ್ಥ ಸಿಕ್ಕಿತು. ಅದರಂತೆ ‘ಇಲ್ಲಿ ವಿಶ್ರಾಂತಿ ಪಡೆಯಲೇ’ ಎಂದು ಬರೆದೆ. ಓದಿದಾಗ ಆ ಹುಡುಗನ ಸಂಕೋಚವೆಲ್ಲ ಮಾಯವಾಗಿತ್ತು. ಮೂರು ಪುಟ ಕಳೆದ ಮೇಲೆ, ಗಾಳಿಗೆ ಬಾಗಿಲು ಮುಚ್ಚಿಕೊಳ್ಳದಂತೆ ಕಲ್ಲು ಇಡುವುದಕ್ಕೂ ಅದೇ ಪದ ಬಂದಿದೆ. ಕಲ್ಲಿಗೂ ವಿಶ್ರಾಂತಿಗೂ ಏನು ನಂಟು? ಇದು ಮಲಗುವುದು ಎಂಬರ್ಥದ ಫ್ರೆಂಚ್ ‘ಕೂಶೆ’ಯಿಂದ ಬಂದಿತೆಂದು ಕೆಲವರು ಹೇಳುತ್ತಾರೆ. ಅದನ್ನು ನಂಬಬಹುದೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಮದ್ದೂರಿನ ನಿವೃತ್ತ ಮೇಷ್ಟರು:

ಮೇಡಂ, ತಾವು ಕಲ್ಲಿನಿಂದಲೇ ಹೊರಡಬೇಕು, ಏಕೆಂದರೆ ಪದದ ಬೇರು ಇರುವುದು ಅಲ್ಲಿಯೇ ಎಂದು ನನಗೆ ತೋರುತ್ತದೆ. ಇಂಗ್ಲಿಷಿನಲ್ಲಿ ‘ಸ್ಕಾಚ್’ ಎಂಬ ಹಳೆಯ ಪದವೊಂದಿದೆ. ಇದು ಮದ್ಯದ ಹೆಸರಲ್ಲ. ಗಾಡಿಯ ಗಾಲಿಯೋ ಪೀಪಾಯಿಯೋ ಉರುಳಿಹೋಗದಂತೆ ಅಡಿಗೆ ಕೊಡುವ ಬೆಣೆ. ಆ ಬೆಣೆಯನ್ನು ಕೊಡುವ ಕ್ರಿಯೆಗೂ ಅದೇ ಹೆಸರು. 1655ರಲ್ಲಿ ಇಂಗ್ಲಿಷರು ಸ್ಪೇನಿನವರಿಂದ ಜಮೈಕವನ್ನು ಕಿತ್ತುಕೊಂಡ ಮೇಲೆ ಆಫ್ರಿಕದಿಂದ ಗುಲಾಮರಾಗಿ ತಂದ ಜನ ಕಬ್ಬಿನ ತೋಟಗಳಲ್ಲಿ ದುಡಿಯುತ್ತ, ಒಡೆಯರ ಇಂಗ್ಲಿಷಿನ ಪದಗಳನ್ನು ತಮ್ಮ ನಾಲಗೆಗೆ ಹೊಂದಿಸಿಕೊಂಡು ಬೇರೊಂದು ಭಾಷೆಯನ್ನೇ ಕಟ್ಟಿದರು. ಆ ಭಾಷೆಯ ಹಳೆಯ ರೂಪದಲ್ಲಿ ಪದದ ಮೊದಲಿಗೆ ಬರುವ ಒತ್ತಕ್ಷರದ ಸಕಾರ ಬಿದ್ದುಹೋಗುತ್ತದೆ. ‘ಸ್ಟ್ಯಾಂಡ್’ ಎಂಬುದು ‘ಟಾನ್’ ಆಗುತ್ತದೆ, ‘ಸ್ಟ್ರಿಂಗ್’ ಎಂಬುದು ‘ಟ್ರಿಂಗ್’ ಆಗುತ್ತದೆ. ನಮ್ಮ ಹಳ್ಳಿಗಳಲ್ಲಿ ‘ಸ್ಟೇಷನ್’ ಎಂಬುದು ‘ಟೇಸನ್’ ಆದ ಹಾಗೆಯೇ ಇದು. ಅದೇ ದಾರಿಯಲ್ಲಿ ‘ಸ್ಕಾಚ್’ ಎಂಬುದು ‘ಕಾಚ್’ ಆಗಿರುವುದು ಸಹಜ.

ಫ್ರೆಂಚ್ ಮೂಲವನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. 1791ರಲ್ಲಿ ಪಕ್ಕದ ಫ್ರೆಂಚ್ ವಸಾಹತು ಸಾನ್ ದೊಮಿಂಗ್‌ನಲ್ಲಿ (ಇಂದಿನ ಹೈಟಿ) ಗುಲಾಮರ ದಂಗೆ ಎದ್ದ ಮೇಲೆ ಫ್ರೆಂಚ್ ಮಾತನಾಡುವ ಅನೇಕರು ಜಮೈಕಕ್ಕೆ ಬಂದು ನೆಲೆಸಿದ್ದರು. ಆದರೆ ‘ಕೂಶೆ’ಯಲ್ಲಿರುವುದು ಶಕಾರ, ‘ಕಾಚ್’ನಲ್ಲಿರುವುದು ಚಕಾರ, ಅದಕ್ಕಿಂತ ಮುಖ್ಯವಾಗಿ, ಬಾಗಿಲಿಗೆ ಇಟ್ಟ ಕಲ್ಲಿನ ಅರ್ಥವನ್ನು ‘ಕೂಶೆ’ ವಿವರಿಸಲಾರದು. ಬೆಣೆಯಿಂದ ಹೊರಟರೆ ಎಲ್ಲ ಅರ್ಥಗಳೂ ಒಂದರ ಹಿಂದೊಂದು ಬರುತ್ತವೆ: ಜಾರುವುದಕ್ಕೆ ಆಸರೆ ಕೊಡುವುದು, ತಾನೇ ಏನಕ್ಕಾದರೂ ಆನಿಕೊಳ್ಳುವುದು, ಹಾಗೆ ಆನಿಕೊಂಡು ದಣಿವಾರಿಸಿಕೊಳ್ಳುವುದು, ಕೊನೆಗೆ ಬೇರೆಯವರ ಮನೆಯಲ್ಲಿ ಒಂದೆರಡು ರಾತ್ರಿ ತಂಗುವುದು. ಬೆಣೆಯನ್ನು ಹೊತ್ತಾದಾಗ ತೆಗೆದುಬಿಡುತ್ತೇವಲ್ಲವೇ, ಆ ತಾತ್ಕಾಲಿಕತೆ ಎಲ್ಲ ಅರ್ಥಗಳಲ್ಲೂ ಉಳಿದಿದೆ. ಕ್ಯಾಸಿಡಿ ಮತ್ತು ಲಿಪೇಜ್ ಅವರು ಸಂಪಾದಿಸಿದ ಜಮೈಕದ ಇಂಗ್ಲಿಷ್ ನಿಘಂಟು 1967ರಲ್ಲಿ ಪ್ರಕಟವಾಯಿತು. ಇಂಥ ಕೆಲಸಕ್ಕೆ ಅಂತರ್ಜಾಲದ ಪಟ್ಟಿಗಳನ್ನು ಬಿಟ್ಟು ಅದನ್ನು ತೆರೆಯುವುದು ಒಳ್ಳೆಯದು.

ಲಂಡನ್ನಿನಲ್ಲಿದ್ದು ಬಂದವನು, ಮೈಸೂರು:

ಆರಾಮದ ಅರ್ಥ ಎಲ್ಲಿಂದ ಬಂದಿತೆಂದು ನಾನು ಹೇಳಬಲ್ಲೆ. 1948ರ ಜೂನ್ 22ರಂದು ‘ಎಂಪೈರ್ ವಿಂಡ್‌ರಶ್’ ಹಡಗಿನಲ್ಲಿ ಜಮೈಕದ ಕಡೆಯಿಂದ ಬಂದವರು ಲಂಡನ್ ಬಳಿಯ ಟಿಲ್ಬರಿ ಬಂದರಿನಲ್ಲಿ ಇಳಿದ ಮೇಲೆ, ವರ್ಷ ವರ್ಷವೂ ಕೆರಿಬಿಯನ್ ಜನ ಬ್ರಿಟನ್ನಿನ ನಗರಗಳಿಗೆ ಬಂದರು. ಅವರ ಮಾತು ಮಕ್ಕಳ ಮೂಲಕ ನೆರೆಹೊರೆಯ ಎಲ್ಲ ಬಣ್ಣದ ಹುಡುಗರ ಬಾಯಿಗೂ ಹತ್ತಿತು. ಅಲ್ಲಿನ ಯುವಕರು ಗೆಳೆಯನ ಕೋಣೆಯಲ್ಲಿ ಸುಮ್ಮನೆ ಕೂತು ಸಂಜೆ ಕಳೆಯುವುದಕ್ಕೆ ಈ ಪದವನ್ನು ಬಳಸುತ್ತಾರೆ. ಬೆಣೆಯ ನೆನಪು ಅಲ್ಲಿ ಅಳಿಸಿಹೋಗಿದೆ. ನಿಮ್ಮ ಕತೆ ಜಮೈಕದ್ದಾದ್ದರಿಂದ ಲಂಡನ್ನಿನ ಅರ್ಥವನ್ನು ಹಿಡಿದರೆ ದಾರಿ ತಪ್ಪುತ್ತದೆ. ಜಮೈಕದಲ್ಲಿ ಕಿಕ್ಕಿರಿದ ಬಸ್ಸಿನ ಸೀಟಿನ ಅಂಚಿನಲ್ಲಿ ಹೇಗೋ ತುಸು ಕೂರುವುದಕ್ಕೂ ಇದೇ ಮಾತು. ಮಂಡ್ಯದ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವರು ಬಂದು ‘ಸ್ವಲ್ಪ ಸರೀರಿ’ ಎನ್ನುತ್ತಾರಲ್ಲ, ಆ ಕೂರುವಿಕೆ.

ಕೆ.ಆರ್. ಪೇಟೆ ರೈತ:

ಅಕ್ಕನವರೇ, ನನಗೆ ಜಮೈಕ ಗೊತ್ತಿಲ್ಲ, ಕಬ್ಬಿನ ಗಾಡಿ ಗೊತ್ತು. ಹಿಂದೆ ಕಾರ್ಖಾನೆಯ ಮುಂದೆ ಗಾಡಿಗಳು ಸಾಲುಗಟ್ಟಿದಾಗ ನಮ್ಮ ಸರದಿ ಬರುವಷ್ಟರಲ್ಲಿ ರಾತ್ರಿಯಾಗುತ್ತಿತ್ತು. ಎತ್ತು ಬಿಚ್ಚಿ, ಗಾಲಿಗೆ ಕಲ್ಲು ಕೊಟ್ಟು, ಮೂಕಿಗೆ ಊರೆ ಕೊಟ್ಟು, ಆಮೇಲೆ ನಾವೂ ಗಾಲಿಗೇ ಬೆನ್ನು ಕೊಟ್ಟು ಒರಗಿಕೊಳ್ಳುತ್ತಿದ್ದೆವು. ಮನೆಯಲ್ಲಿ ಮಲಗುವುದನ್ನು ನಾವು ಹಾಗೆ ಹೇಳುವುದಿಲ್ಲ. ಬೇರೆ ಜಾಗದಲ್ಲಿ, ಮತ್ತೆ ಏಳಬೇಕೆಂಬ ಎಚ್ಚರದಲ್ಲಿ, ಇದ್ದಷ್ಟು ಜಾಗದಲ್ಲಿ ಮೈ ಚಾಚುವುದಕ್ಕೆ ಆ ಮಾತು. ಮೇಷ್ಟರು ಹೇಳಿದ ಬೆಣೆಯೂ ಮನುಷ್ಯನೂ ಒಂದೇ ಕಡೆ ಇರುವ ಪದ ಬೇಕಾದರೆ ‘ಒರಗು’ ನೋಡಿ. ‘ಅಡ್ಡಾಗು’ ಎಂದರೂ ನಡೆಯುತ್ತದೆ, ಆದರೆ ಅದು ಹೆಚ್ಚಾಗಿ ಮಧ್ಯಾಹ್ನದ ಊಟದ ಮೇಲಿನ ಮಾತು.

ಮದ್ದೂರಿನ ನಿವೃತ್ತ ಮೇಷ್ಟರು:

ಇವರ ಸಲಹೆಯೇ ಸರಿ. ಒಂದು ಎಚ್ಚರಿಕೆ ಮಾತ್ರ ಇರಲಿ: ಬರೀ ‘ಒರಗಿದ’ ಎಂದರೆ ಸತ್ತುಬಿದ್ದ ಎಂಬ ಅರ್ಥವೂ ಬರುತ್ತದೆ, ‘ರಣರಂಗದಲ್ಲಿ ಒರಗಿದ’ ಎನ್ನುವುದಿಲ್ಲವೇ? ಆದ್ದರಿಂದ ‘ಒರಗಿಕೊಳ್ಳು’ ಎಂದೇ ಬರೆಯಿರಿ. ಬಾಗಿಲಿನ ಪ್ರಸಂಗದಲ್ಲಿ ‘ಬಾಗಿಲಿಗೆ ಕಲ್ಲು ಒರಗಿಸಿದ’ ಎಂದರೆ ಮೂಲದಲ್ಲಿ ಒಂದೇ ಪದ ಎರಡು ಕಡೆ ಬಂದಿರುವುದು ಕನ್ನಡದಲ್ಲೂ ಕಾಣುತ್ತದೆ.

ಸರಸ್ವತಿಪುರಂ ವಾಚಕಿ, ಮೈಸೂರು:

ಎಲ್ಲರಿಗೂ ನನ್ನ ಕೃತಜ್ಞತೆಗಳು. ಬಾಗಿಲಿನ ಕಲ್ಲನ್ನು ಮೇಷ್ಟರು ಹೇಳಿದಂತೆಯೇ ಒರಗಿಸಿದ್ದೇನೆ. ಹುಡುಗನ ಮಾತನ್ನು ಈಗ ಹೀಗೆ ತಿದ್ದಿದ್ದೇನೆ: ‘ಅಕ್ಕಾ, ಇವತ್ತೊಂದು ರಾತ್ರಿ ನಿಮ್ಮ ಜಗುಲಿ ಮೇಲೆ ಒರಗಿಕೊಳ್ತೀನಿ, ಬೆಳಗಾದ ತಕ್ಷಣ ಹೊರಟುಬಿಡ್ತೀನಿ.’ ಎರಡನೆಯ ಅರ್ಧ ಮೂಲದಲ್ಲಿಲ್ಲ. ಅದು ಆ ಒಂದು ಪದದೊಳಗೇ ಇದೆಯೆಂದು ನಿಮ್ಮಿಂದ ತಿಳಿದ ಮೇಲೆ ಅದನ್ನು ಬಿಡಿಸಿ ಬರೆಯಬೇಕೆನಿಸಿತು. ಅದು ಹೆಚ್ಚಾಯಿತೆಂದು ತೋರಿದರೆ ಹೇಳಿ, ತೆಗೆದುಬಿಡುತ್ತೇನೆ.