ಟೀಮಿನ ಹಿಸ್ಟರಿ ಗೋಡೆ ಮೇಲೆ ಬರೆಸ್ಬೇಕು, ಮಾಡ್ಸಿದೋರು ಅನುಭವ ಹೇಳಿ

ಥರ್ಡ್ ಮ್ಯಾನ್: ನಮ್ಮೂರ ಕ್ರಿಕೆಟ್ ಟೀಮಿಗೆ 50 ವರ್ಷ ತುಂಬ್ತಿದೆ. ಗ್ರೌಂಡ್ ಪಕ್ಕದ ಬಿಲ್ಡಿಂಗ್ ಗೋಡೆ ಸಿಕ್ಕಿದೆ, 14 ಮೀಟರ್ ಉದ್ದ, 4 ಮೀಟರ್ ಎತ್ತರ, ಮಧ್ಯೆ ಮೂರು ಕಿಟಕಿ. ಮಾಲೀಕರ ಒಪ್ಪಿಗೆ ಪತ್ರ ಇದೆ. ಕೇಳ್ಬೇಕಿರೋದು ಎರಡೇ. ಕಿಟಕಿಗಳನ್ನ ಡಿಸೈನಲ್ಲಿ ಹೇಗೆ ಸೇರಿಸ್ಕೊಳ್ಳೋದು? ಯಾರ್ಯಾರ ಮುಖ ಹಾಕೋದು ಅಂತ ಜಗಳ ಇಲ್ದೆ ಹೇಗೆ ತೀರ್ಮಾನ ಮಾಡೋದು?

ಎರಡ್ ಕೋಟ್: ಮುಖ ಗಿಖ ಆಮೇಲೆ, ಮೊದ್ಲು ಗೋಡೆ ಮುಟ್ಟಿ ನೋಡಿ. ನಮ್ದು ಕಬಡ್ಡಿ ಟೀಮು. ಪ್ಲಾಸ್ಟರ್ ಮಾಡ್ಸಿದ ಹನ್ನೊಂದನೇ ದಿನಕ್ಕೇ ಪ್ರೈಮರ್ ಹೊಡ್ಸಿಬಿಟ್ವಿ, ಯಾಕಂದ್ರೆ ಉದ್ಘಾಟನೆ ಡೇಟ್ ಫಿಕ್ಸ್ ಆಗಿತ್ತು. 28 ದಿನ ಬಿಡಿ ಅಂತ ಮೇಸ್ತ್ರಿ ಬಡ್ಕೊಂಡ, ಯಾರು ಕೇಳ್ತಾರೆ. ಮೂರನೇ ತಿಂಗ್ಳಿಗೆ ಚಿತ್ರದ ರೈಡರ್ ತೊಡೆ ಮೇಲೆಲ್ಲ ಗೋಡೆ ತೇವದ ಜೊತೆ ಬಂದ ಬಿಳೀ ಉಪ್ಪು, ಪೌಡರ್ ಬಳ್ಕೊಂಡು ಆಟಕ್ಕೆ ಇಳಿದ ಹಾಗೆ. ಒಣ ಬ್ರಷ್‌ನಲ್ಲಿ ಉಜ್ಜಿದ್ವಿ, ಎರಡು ವಾರಕ್ಕೆ ಮತ್ತೆ ಬಂತು, ಯಾರೋ ತೊಳೀರಿ ಅಂದ್ರು, ತೊಳೆದ್ವಿ, ಡಬಲ್ ಆಯ್ತು. ಪೇಂಟ್ ಲೆಕ್ಕ ಕೇಳ್ಬೇಡಿ. ಡಬ್ಬಿ ಮೇಲೆ ಲೀಟರಿಗೆ 10 ಚದರ ಮೀಟರ್ ಅಂತ ಬರೆದಿತ್ತು, ನಮ್ಮ ಒರಟು ಗೋಡೆ 5 ಕೂಡ ಕೊಡ್ಲಿಲ್ಲ. 48 ಚದರ ಮೀಟರಿಗೆ ಪ್ರೈಮರ್ 5 ಲೀಟರ್ ಸಾಕು ಅಂದ್ಕೊಂಡಿದ್ದು 11 ಲೀಟರ್ ಕುಡೀತು. ಕೊನೆಗೆ ಪಾಲಿಯುರೆಥೇನ್ ಕ್ಲಿಯರ್ ಕೋಟ್, ಅಂದ್ರೆ ಪ್ಲಾಸ್ಟಿಕ್ ಥರದ ಪಾರದರ್ಶಕ ಪದರ, ಹೊಡೆಸಿ ಸೀಲ್ ಮಾಡಿದ್ವಿ, ಈಗ ಪರವಾಗಿಲ್ಲ.

ಕೈಗೆರೆ: ಹಸಿ ಗೋಡೆ ಮೇಲೆ ಪಾಲಿಯುರೆಥೇನ್?? ಒಳಗಿನ ತೇವ ಎಲ್ಲಿ ಹೋಗ್ಬೇಕು ಸ್ವಾಮಿ. ಇನ್ನೊಂದು ಮಳೆಗಾಲ ಕಳೀಲಿ, ಹಪ್ಪಳ ಎದ್ದಂಗೆ ಏಳತ್ತೆ. ನಾನು ಗೋಡೆ ಬರೆಯೋನು. ಒಂದಡಿ ಪ್ಲಾಸ್ಟಿಕ್ ಹಾಳೆನ ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡ್ತೀನಿ. ಒಳಗೆ ಬೆವರಿದ್ರೆ ಬ್ರಷ್ಷೇ ಹಿಡಿಯಲ್ಲ, ಬೈಸ್ಕೊಂಡ್ರೂ ಸರಿ. ಒಂದ್ಸಲ ಮಾತ್ರ ಕಮಿಟಿ ಮಾತು ಕೇಳಿದ್ದೆ. ಜೆರ್ಸಿಗೆ ಪಳಪಳ ಕೆಂಪೇ ಬೇಕು ಅಂತ ಅವರೇ ತಂದ ಡಬ್ಬಿ, ಒಳಗೆ ಯಾವ ಬಣ್ಣದ ಪುಡಿ ಇದೆ ಅಂತ ಹೇಳೋ ಪಿಗ್ಮೆಂಟ್ ನಂಬರ್ರೇ ಇಲ್ಲ. ನಾನು ಬಿಸಿಲು ತಡೆಯೋ ಕೆಂಪು, ಪಿಆರ್ 254 ತನ್ನಿ, ದುಬಾರಿ ಅನ್ಸಿದ್ರೆ ಪಿಆರ್ 101 ಹಾಕೋಣ, ಅದು ಕೆಮ್ಮಣ್ಣಿನ ಬಣ್ಣ, ಸ್ವಲ್ಪ ಮಂಕು, ಆದ್ರೆ ಬಿಸಿಲಿಗೆ ಜಗ್ಗಲ್ಲ ಅಂದಿದ್ದೆ. ಎರಡೇ ಬೇಸಿಗೆಗೆ ಹನ್ನೊಂದು ಜನಾನೂ ಗುಲಾಬಿ ಜೆರ್ಸಿಲಿ ನಿಂತ್ರು. ಎದುರಾಳಿ ಊರಿನೋರು ಈಗ್ಲೂ ನಗ್ತಾರೆ, ನನ್ನ ಸಹಿ ಬೇರೆ ಇದೆ ಕೆಳಗೆ.

ಎಡಗೈ ಓಪನರ್: ಬಣ್ಣ ಹೋದ್ರೆ ಮತ್ತೆ ಹಚ್ಚಬಹುದು, ನನ್ನ ಕಥೆ ಕೇಳಿ. ಹಳೇ ಫಿಲ್ಮನ್ನ ಉಲ್ಟಾ ಸ್ಕ್ಯಾನ್ ಮಾಡಿದಾರೆ, ಪೇಂಟರ್ ಪ್ರೊಜೆಕ್ಟರ್ ಹಾಕಿ ಹಾಗೇ ಟ್ರೇಸ್ ಮಾಡಿದಾರೆ. ಮೂವತ್ತು ವರ್ಷ ಎಡಗೈಲಿ ಆಡಿದ ನಾನು ಗೋಡೆ ಮೇಲೆ ಬಲಗೈ ಬ್ಯಾಟ್ಸ್‌ಮನ್! ಬ್ಯಾಟ್ ನೋಡಿ ಯಾರಿಗೂ ಗೊತ್ತಾಗ್ಲಿಲ್ಲ, ನನ್ನ ಹೆಂಡ್ತಿ ನೋಡಿದ್ದು ಶರ್ಟಿನ ಜೇಬು, ಅದು ಬಲ ಎದೆ ಮೇಲಿತ್ತು. ಸರಿ ಮಾಡೋಕೆ ಬಾಕಿ ಇದ್ದಿದ್ದು 3 ಚದರ ಮೀಟರ್ ಕೆಲ್ಸ, ಎರಡು ದಿನ. ಆದ್ರೆ ಸಾರ್ವೆಯೋರು ಒಂದು ವಾರಕ್ಕಿಂತ ಕಮ್ಮಿ ಬಾಡಿಗೆಗೆ ಕೊಡಲ್ಲ ಅಂದ್ರು. ಮೊದಲ್ನೇ ಸಲ 21 ದಿನ ಸಾರ್ವೆ ನಿಂತಿತ್ತು, ಅದ್ರಲ್ಲಿ 9 ದಿನ ಮಳೆ, ಒಂದು ಕಾಗೆ ಬಿಟ್ರೆ ಯಾರೂ ಹತ್ತಲಿಲ್ಲ, ಬಾಡಿಗೆ ಪೂರ್ತಿ ಕೊಟ್ವಿ. ಒಟ್ಟು ಖರ್ಚಲ್ಲಿ ನೂರಕ್ಕೆ ನಲವತ್ತು ಸಾರ್ವೆಗೇ. ಪ್ರೊಜೆಕ್ಟರ್ ಇಟ್ಕೊಂಡು ಗೆರೆ ಎಳೆಯೋರನ್ನ ಕಲಾವಿದ ಅಂತ ಕರೀಬೇಡಿ.

ಕೈಗೆರೆ: ಫೋಟೋ ಉಲ್ಟಾ ಕೊಟ್ಟೋರು ನೀವು, ಬೈಗುಳ ಪೇಂಟರಿಗೆ. ನಾನು ಚೌಕ ಹಾಕಿ ಬರೀತೀನಿ, ಆದ್ರೂ ಹೇಳ್ತೀನಿ, ಪ್ರೊಜೆಕ್ಟರ್ ತಪ್ಪಲ್ಲ. ಗೋಡೆಗೆ ಹೋಗೋ ಮುಂಚೆ ಸ್ಕೆಚ್ ಮೇಲೆ ನಿಮ್ಮ ಸಹಿ ತಗೊಂಡಿದ್ರೋ ಇಲ್ವೋ?

ಎಡಗೈ ಓಪನರ್: ತಗೊಂಡಿದ್ರು. ಕಪ್ಪು ಬಿಳುಪು ಸ್ಕೆಚ್ಚು, ಅಂಗೈಯಷ್ಟಗಲ. ಅದ್ರಲ್ಲಿ ಜೇಬು ಹುಡುಕ್ಲಾ?

ಪೈಪ್ ಹಿಂದಿನ ಕೀಪರ್: ನಿಮ್ಮ ಮುಖನಾದ್ರೂ ಕಾಣ್ಸತ್ತೆ. ನಮ್ದು ಫುಟ್ಬಾಲ್. ಕಪ್ ಗೆದ್ದ ವರ್ಷದ ಹನ್ನೊಂದು ಜನ ಮಾತ್ರ ಅಂತ ಕಮಿಟಿ ರೂಲ್ ಮಾಡ್ತು, ಬೆಂಚಲ್ಲಿದ್ದೋರು ಇವತ್ತಿಗೂ ಕಮಿಟಿಯೋರ ಹತ್ರ ಮಾತಾಡಲ್ಲ. ನಾನು ಕೊನೇಲಿ, ಮೂಲೇಲಿ. ಪೇಂಟಿಂಗ್ ಮುಗ್ದು ಒಂದು ತಿಂಗ್ಳಿಗೆ ಟೆರೇಸ್ ನೀರು ಇಳಿಸೋಕೆ ಪೈಪ್ ಹಾಕಿದ್ರು, ಸರಿಯಾಗಿ ನನ್ನ ಮೂಗಿನ ಮೇಲೆ. ಕ್ಲಾಂಪ್ ಹೊಡೆದಿರೋದು ಕಿವಿ ಪಕ್ಕ. ಪೈಪ್ ಸರಿಸಿ ಅಂದ್ರೆ, ಸರಿಸಿದ್ರೆ ಮೊಳೆ ತೂತು ಕಾಣತ್ತೆ ಅಂತಾರೆ. ಒಪ್ಪಿಗೆ ಪತ್ರದಲ್ಲಿ "ಗೋಡೆ ಮೇಲೆ ಮುಂದೆ ಏನೂ ಕೂರಿಸಬಾರದು" ಅಂತ ಒಂದು ಸಾಲು ಇರ್ಬೇಕಿತ್ತು ಅಂತ ಈಗ ಹೇಳ್ತಾರೆ. ಈಗ!

ನಾಪೋಲಿ ಹುಚ್ಚ: ಪೈಪಿಗೇ ಅಳ್ತೀರಾ ಗುರುಗಳೇ, ಮರಡೋನಾ ಮುಖದ ಮೇಲೆ ಕಿಟಕೀನೇ ಕೊರೆದಿದ್ರು. ನೇಪಲ್ಸಲ್ಲಿ 1990ರಲ್ಲಿ, ಅವರು ಆಡ್ತಿದ್ದ ನಾಪೋಲಿ ಟೀಮು ಎರಡನೇ ಸಲ ಇಟಲಿ ಲೀಗ್ ಗೆದ್ದಾಗ, ಮಾರಿಯೋ ಫಿಲಾರ್ಡಿ ಅನ್ನೋರು ಬರೆದ ಚಿತ್ರ ಅದು. ಬಣ್ಣ ಎಲ್ಲ ಹೋಗಿ 2016ರಲ್ಲಿ ಒಬ್ರು ತಿದ್ದಿದ್ರು, 2017ರಲ್ಲಿ ಬೋಸೊಲೆಟ್ಟಿ ಅನ್ನೋ ಕಲಾವಿದ ಮುಖ ಮತ್ತೆ ಬರೆದ್ರು. ಈಗ ಆ ಕಿಟಕಿ ಬಾಗ್ಲು ಮುಚ್ಚಿದ್ರೇನೇ ಮುಖ ಪೂರ್ತಿ ಆಗೋದು.

ಎರಡ್ ಕೋಟ್: ಮರಡೋನಾ ಅಂತೆ. ಅಲ್ಲಿ ಉಪ್ಪು ಬಂದ್ರೂ ಜನ ಹೂ ಇಡ್ತಾರೆ. ನಮ್ಮ ರೈಡರಿಗೆ ಯಾರು ಇಡ್ತಾರೆ? ಅಂದಹಾಗೆ ಕೈಗೆರೆ ಅವರೇ, ನಮ್ಮ ಗೋಡೆ ಇನ್ನೂ ಹಪ್ಪಳ ಎದ್ದಿಲ್ಲ.

ಕೈಗೆರೆ: ಹೊಡೆಸಿ ಎಷ್ಟು ದಿನ ಆಯ್ತು?

ಎರಡ್ ಕೋಟ್: ಆರು ವಾರ.

ಕೈಗೆರೆ: 😂

ಥರ್ಡ್ ಮ್ಯಾನ್: ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಗೋಡೆ ಇಪ್ಪತ್ತು ವರ್ಷ ಹಳೇದು, ಒಣಗಿದೆ, ಪೈಪ್ ಹಿಂದ್ಗಡೆ ಇದೆ. ಕಿಟಕಿ ಬಗ್ಗೆ ಯಾರಾದ್ರೂ?

ಕೈಗೆರೆ: ಕಿಟಕಿ ಸುತ್ತ ಮುಖ ಬರಿಸ್ಬೇಡಿ, ಬಾಗ್ಲು ತೆಗೆದಾಗ ಅರ್ಧ ದವಡೆ ಹೋಗತ್ತೆ. ಮೂರನ್ನೂ ಸೇರಿಸಿ ಒಂದು ಸ್ಕೋರ್ ಬೋರ್ಡ್ ಮಾಡಿ, ಕಿಟಕಿ ನಂಬರ್ ಹಲಗೆ ಥರ ಕಾಣತ್ತೆ. ಮುಖದ ಪಟ್ಟಿ ನನ್ನನ್ನ ಕೇಳ್ಬೇಡಿ.

ಪೈಪ್ ಹಿಂದಿನ ಕೀಪರ್: ಸ್ಕೋರ್ ಬೋರ್ಡ್ ಅಂದ್ರಲ್ಲ, ನೆನಪಾಯ್ತು. ನಮ್ಮ ಗೋಡೇಲಿ ಫೈನಲ್ ಸ್ಕೋರ್ 2-1 ಅಂತ ಬರೆದಿದಾರೆ. ಅದು 2-0. ನಾನು ಗೋಲೇ ಬಿಟ್ಟಿಲ್ಲ ಅವತ್ತು. ಪೈಪ್ ಅದ್ರ ಮೇಲಾದ್ರೂ ಬರ್ಬಾರ್ದಿತ್ತಾ.