ಹಾಯಿ, ತೆರೆ, ದಡಿ: ಕಡಲಿನ ಬಗೆಯ ಮನೆಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಒಂದು ಪದ ಬೇಕಾಗಿತ್ತು. ಅದನ್ನು ಹುಡುಕುತ್ತ ಹೋದಾಗ ಇನ್ನೂ ಏಳೆಂಟು ಪದ ಜೊತೆಗೆ ಬಂದವು. ಅದಕ್ಕೇ ಪತ್ರ ಸ್ವಲ್ಪ ಉದ್ದ ಆಗಿದೆ.

ಧಾರವಾಡದ ಸುಭಾಸ ರಸ್ತೆಯಲ್ಲಿ ನಮ್ಮ ಪರಿಚಯದವರ ಅಂಗಡಿ ಇದೆ. ಪರದೆ, ಗಾದಿ, ಲೋಡು, ದಿಂಬಿನ ಗವಸು, ನೆಲಕ್ಕೆ ಹಾಸುವ ಸಾಮಾನು, ಬೆತ್ತದ ಕುರ್ಚಿ ಎಲ್ಲ ಮಾರುತ್ತಾರೆ. ನಾನು ಕರಡು ತಿದ್ದುವ ಕೆಲಸ ಮಾಡುವವಳು. ಅಂಗಡಿಯ ಕಾಕಾ ಈ ಸಲ ಹೊಸ ಬಗೆಯ ಸಾಮಾನು ತರಿಸಿದ್ದಾರೆ. ಬಿಳಿ ಗೋಡೆ, ತಿಳಿನೀಲಿ ಪರದೆ, ಉಸುಕಿನ ಬಣ್ಣದ ಸೋಫಾ, ಸೆಣಬಿನ ಹಾಸು, ಮೂಲೆಯಲ್ಲಿ ಒಂದು ಬೆತ್ತದ ಕುರ್ಚಿ, ಮಾಡದಲ್ಲಿ ನಾಲ್ಕು ಚಿಪ್ಪು. ಇಂಗ್ಲಿಷ್ ಬಲ್ಲವರು ಇದನ್ನು ಕೋಸ್ಟಲ್ ಸ್ಟೈಲ್ ಅಂತಾರೆ. ಇದರ ಬಗ್ಗೆ ಅಂಗಡಿಯಿಂದ ಒಂದು ಹಾಳೆ ಅಚ್ಚು ಹಾಕಿಸುವುದಿದೆ. ಕಾಕಾ ಹೇಳಿದ್ದು ಇಷ್ಟೇ: "ತಂಗೀ, ಇದನ್ನ ಕನ್ನಡದಾಗ ಬರದು ಕೊಡು. ನಮ್ಮ ಮಂದಿ ಓದಿದ ಕೂಡಲೇ ತಿಳೀಬೇಕು ನೋಡು."

ನಾನು ಮೊದಲು "ಕರಾವಳಿ ಶೈಲಿಯ ಮನೆ" ಅಂತ ಬರೆದುಕೊಟ್ಟೆ. ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದರು. ಮರುದಿನ ಒಬ್ಬ ಹೆಣ್ಣುಮಗಳು ಬಂದರು. ಅವರ ತವರು ಕುಮಟಾ ಕಡೆ. ಚೀಟಿ ಓದಿ, ಒಳಗಿನ ಸಾಮಾನು ಎಲ್ಲ ನೋಡಿ, ನನ್ನ ಕಡೆ ತಿರುಗಿ ಕೇಳಿದರು: "ನಮ್ಮೂರಲ್ಲಿ ಮನೆ ಹೀಗೆ ಇರೋದಿಲ್ಲ ಅಲ್ವಾ?"

ಅವರ ಮಾತು ಸರಿ. ಕರಾವಳಿಯ ಮನೆ ಅಂದ ಕೂಡಲೇ ನಮಗೆ ನೆನಪಾಗುವುದು ಚಿರೇಕಲ್ಲಿನ ಗೋಡೆ, ಕೆಂಪು ಹಂಚು, ಕೆಳಗೆ ಇಳಿಬಿದ್ದ ಸೂರು, ಕೆಂಪು ಗಾರೆ ನೆಲ, ಒಳಗೆ ಕರಿ ಹಿಡಿದ ತೊಲೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹಂಚು ಘಟ್ಟ ಹತ್ತಿ ನಮ್ಮ ಧಾರವಾಡಕ್ಕೂ ಬಂತು. ಅಲ್ಲಿಯ ಮನೆ ಸಮುದ್ರ ನೋಡಲು ಕಟ್ಟಿದ್ದಲ್ಲ, ಮಳೆ ತಡೆಯಲು ಕಟ್ಟಿದ್ದು. ನೀಲಿ ಬಿಳಿಯ ಈ ಹೊಸ ಬಗೆ ಬಂದದ್ದು ಬೇರೆ ದಂಡೆಯಿಂದ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನ ತುದಿಯಲ್ಲಿ ಹ್ಯಾಂಪ್ಟನ್ಸ್ ಅನ್ನುವ ಊರುಗಳಿವೆ. ಅಲ್ಲಿ ಉಳ್ಳವರು ಬೇಸಿಗೆ ಕಳೆಯಲು ಮನೆ ಕಟ್ಟಿಕೊಂಡರು. ಅಂಥ ರಜೆಯ ಮನೆಗಳಿಂದ ಈ ಬಗೆ ಬೆಳೆಯಿತು. ಹಾಗಾಗಿ ಇದಕ್ಕೆ ಕರಾವಳಿ ಅನ್ನುವುದು ತಪ್ಪು. ನಮ್ಮ ಕರಾವಳಿಗೂ ಅನ್ಯಾಯ, ಓದುವವರಿಗೂ ದಾರಿ ತಪ್ಪಿಸಿದ ಹಾಗೆ. ಆ ಚೀಟಿ ಅವತ್ತೇ ತೆಗೆಸಿದೆ.

ಹಾಗಾದರೆ ಏನನ್ನಬೇಕು? "ಕಡಲ ಮನೆ" ಅನ್ನೋಣ ಅಂದರೆ ನಮ್ಮ ಕಡೆ ಮಾತಿನಲ್ಲಿ ಕಡಲು ಅನ್ನುವವರು ಕಡಿಮೆ. ಎಲ್ಲರೂ ಸಮುದ್ರ ಅಂತಾರೆ. "ಸಮುದ್ರ ಶೈಲಿ" ಅಂದರೆ ಏನೂ ಹೊಳೆಯುವುದಿಲ್ಲ. ನನಗೆ ಅನಿಸುವುದು, ಈ ಬಗೆಯಲ್ಲಿ ಸಮುದ್ರಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಇಲ್ಲಿ ಯಾವುದೂ ಬಿಗಿಯಾಗಿ ಇರುವುದಿಲ್ಲ. ಪರದೆ ಸಡಿಲ, ಬಟ್ಟೆ ಮುದುಡಿದರೂ ನಡೆಯುತ್ತದೆ, ಕುರ್ಚಿಯಲ್ಲಿ ಕಾಲು ಚಾಚಬಹುದು. ಪದದಲ್ಲಿ ಬರಬೇಕಾದದ್ದು ಆ ಸಡಿಲ.

"ಆರಾಮ" ನಮ್ಮ ದಿನದ ಮಾತು. ಆದರೆ ಧಾರವಾಡದಲ್ಲಿ "ಆರಾಮ ಅದೀರಿ?" ಅಂದರೆ ಕ್ಷೇಮವೇ ಅಂತ. "ಆರಾಮ ಇಲ್ಲ" ಅಂದರೆ ಮೈಗೆ ಹುಷಾರಿಲ್ಲ ಅಂತ. "ಆರಾಮ ಮನೆ" ಅಂತ ಬರೆದರೆ ಆರೈಕೆ ಮಾಡುವ ಜಾಗ ಅಂದುಕೊಳ್ಳಬಹುದು. "ನಿವಾಂತ" ಚೆಂದದ ಪದ. "ಉಂಡು ನಿವಾಂತ ಕೂಡ್ರು" ಅಂತ ದಿನಾ ಹೇಳುತ್ತೇವೆ. ಆದರೆ ಅದರಲ್ಲಿ ಗದ್ದಲ ಇಲ್ಲ ಅನ್ನುವ ಅರ್ಥ ಜಾಸ್ತಿ. ಗಾಳಿ ಬೆಳಕು ಅದರಲ್ಲಿ ಬರುವುದಿಲ್ಲ.

ಆಮೇಲೆ ಒಂದು ಸಂಜೆ ಅಂಗಡಿಯಲ್ಲಿ ಕೂತಿದ್ದೆ. ಹುಡುಗ ಏಣಿ ಹತ್ತಿ ಬಿಳಿ ಪರದೆ ಸಿಕ್ಕಿಸುತ್ತಿದ್ದ. ಕೆಳಗಿನ ತುದಿ ಇನ್ನೂ ಬಿಟ್ಟೇ ಇತ್ತು. ಬೀದಿಯಿಂದ ಗಾಳಿ ಬಂತು. ಪರದೆ ಒಮ್ಮೆಲೇ ಉಬ್ಬಿ ಅಂಗಡಿಯ ನಡುವಿನ ತನಕ ಬಂತು, ಒಂದು ಕ್ಷಣ ಹಾಗೇ ನಿಂತಿತು, ಮತ್ತೆ ಮೆಲ್ಲಗೆ ಬಿತ್ತು. ಕಾಕಾ "ಹಾಯ್ ಅನಿಸ್ತು ನೋಡು" ಅಂದರು.

ಪದ ಸಿಕ್ಕಿತು. ಹಾಯಿ.

ಹಾಯಿ ಅಂದರೆ ದೋಣಿಯ ಬಟ್ಟೆ. ಹಾಯಿ ಅಂದರೆ ನೆಮ್ಮದಿ, ಹಗುರ. ಹಾಯಾಗಿ ಮಲಗಿದ, ಹಾಯಾಗಿ ಇದ್ದಾನೆ ಅಂತ ಕನ್ನಡದಲ್ಲಿ ಎಲ್ಲ ಕಡೆ ಹೇಳುತ್ತೇವೆ. ಸಮುದ್ರ ಮತ್ತು ಸಡಿಲ ಎರಡೂ ಒಂದೇ ಪದದಲ್ಲಿ ಇವೆ. ಇಂಗ್ಲಿಷಿನಲ್ಲಿ ಎರಡು ಮೂರು ಪದ ಸೇರಿಸಿ ಹೇಳುವುದನ್ನು ಕನ್ನಡ ಒಂದರಲ್ಲೇ ಹೇಳುತ್ತದೆ. "ಹಾಯಿಮನೆ" ಅಂತ ಬರೆದು ಕಾಕಾಗೆ ತೋರಿಸಿದೆ. ಎರಡು ಸಲ ಬಾಯಿಬಿಟ್ಟು ಓದಿದರು. ಮುಖ ಅರಳಿತು.

ಈ ಎರಡು ಹಾಯಿ ಒಂದೇ ಬೇರಿನವೇ ಅನ್ನುವುದು ಬೇರೆ ಪ್ರಶ್ನೆ. ದೋಣಿಯ ಹಾಯಿಗೆ ತಮಿಳು ಮಲಯಾಳಗಳಲ್ಲಿ ನಂಟರಿದ್ದಾರೆ. ತಮಿಳಿನಲ್ಲಿ ಪಾಯ್ ಅಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ಮೊದಲು ಹಾಯಿ ಕಟ್ಟುತ್ತಿದ್ದದ್ದು ಹೆಣೆದ ಚಾಪೆಯಿಂದಲೇ. ಹಳಗನ್ನಡದ ಪಾಲು ಹಾಲಾದ ಹಾಗೆ, ಪೂ ಹೂ ಆದ ಹಾಗೆ, ನಮ್ಮಲ್ಲಿ ಪಕಾರ ಹಕಾರ ಆಯಿತು. ತೆಲುಗಿನಲ್ಲಿ ಆ ಬದಲಾವಣೆ ಆಗಲಿಲ್ಲ, ಅಲ್ಲಿ ಹಾಲು ಇನ್ನೂ ಪಾಲೇ. ಆದರೆ ನೆಮ್ಮದಿಯ ಹಾಯಿ ತೆಲುಗಿನಲ್ಲೂ ಹಾಯಿ ಅಂತಲೇ ಇದೆ, ದೋಣಿಯ ಹಾಯಿಗೆ ಮಾತ್ರ ಅವರು ತೆರಚಾಪ ಅಂತಾರೆ. ಅದಕ್ಕೇ ಇವು ಎರಡು ಬೇರೆ ಪದ ಅನ್ನುವ ಕಡೆಗೇ ನಾನು ವಾಲುತ್ತೇನೆ. ಬೇರೆ ಬೇರೆ ಊರಿಂದ ಬಂದು ಒಂದೇ ಓಣಿಯಲ್ಲಿ ಮನೆ ಮಾಡಿದವರ ಹಾಗೆ. ಪದ ಬಳಸಲು ಅದೇನೂ ಅಡ್ಡಿಯಲ್ಲ. ಬೇರೆ ಆಧಾರ ಇದ್ದವರು ದಯವಿಟ್ಟು ಬರೆಯಿರಿ.

ತೆಲುಗಿನ ತೆರಚಾಪವನ್ನು ಬಿಡಿಸಿದರೆ ತೆರೆ, ಚಾಪೆ. ಇಲ್ಲಿಂದ ನನ್ನ ಎರಡನೆಯ ಪದ ಬಂತು. ಕನ್ನಡದಲ್ಲಿ ತೆರೆ ಅಂದರೆ ಅಲೆ, ತೆರೆ ಅಂದರೆ ಪರದೆ. ತಮಿಳಿನ ತಿರೈ ಕೂಡ ಹೀಗೇ ಎರಡೂ ಹೌದು. ನಮ್ಮ ಅಂಗಡಿಯಲ್ಲಿ ಪರದೆ, ಪಡದಾ ಅನ್ನುವ ಮಾತೇ ನಡೆಯುತ್ತದೆ. ತೆರೆ ಉಳಿದಿರುವುದು ನಾಟಕದವರ ಬಾಯಲ್ಲಿ, ಸಿನಿಮಾದ ಬೆಳ್ಳಿತೆರೆಯಲ್ಲಿ. ತಿಳಿನೀಲಿ ಪರದೆಗೆ "ಕಿಟಕಿಯ ತೆರೆ" ಅಂತ ಬರೆದರೆ ಓದುವವರಿಗೆ ತೊಡಕಾಗುತ್ತದೆಯೇ? ನನಗೆ ಬರೆಯಲು ಆಸೆ ಇದೆ.

ಇನ್ನು ಅಂಚಿನ ಮಾತು. ಬಿಳಿ ಪರದೆಯ ಕೆಳಗೆ ಮೂರು ಬೆರಳಗಲ ನೀಲಿ ಪಟ್ಟಿ ಇದೆ. ದಕ್ಷಿಣದವರು ಬಾರ್ಡರ್ ಅಂತಲೋ ಅಂಚು ಅಂತಲೋ ಅನ್ನುತ್ತಾರೆ. ನಮ್ಮಲ್ಲಿ ಸೀರೆಗೂ ಧೋತರಕ್ಕೂ ಇರುವುದು ದಡಿ. ಇಲಕಲ್ ಸೀರೆ ಕೊಳ್ಳಲು ಹೋದವರು ಮೊದಲು ದಡಿ ನೋಡುತ್ತಾರೆ, ಆಮೇಲೆ ಮೈ, ಸೆರಗು. ಈ ದಡಿ ಮತ್ತು ನದಿಯ ದಡ ಎಷ್ಟು ಹತ್ತಿರ ಇವೆ ನೋಡಿ. ಹಳಗನ್ನಡದ ಕರೆಯೂ ಹಾಗೇ: ನೀರಿನ ದಂಡೆಗೂ ಕರೆ, ಬಟ್ಟೆಯ ಅಂಚಿಗೂ ಕರೆ. ತಮಿಳರು ಇವತ್ತಿಗೂ ಪಂಚೆಯ ಅಂಚಿಗೆ ಕರೈ ಅಂತಾರೆ, ಕೆರೆಯ ದಂಡೆಗೂ ಕರೈ ಅಂತಾರೆ. ನಾವೂ ಧಾರವಾಡವನ್ನು ಮಲೆನಾಡಿನ ಸೆರಗು ಅಂತೀವಲ್ಲ, ನೆಲಕ್ಕೂ ಬಟ್ಟೆಗೂ ನಮ್ಮ ಹಿರಿಯರು ಒಂದೇ ಕಣ್ಣು ಇಟ್ಟಿದ್ದರು. ಹಾಗಾಗಿ "ನೀಲಿ ದಡಿಯ ತೆರೆ" ಅಂತ ಸದ್ಯಕ್ಕೆ ಕರಡಿನಲ್ಲಿ ಬರೆದಿದ್ದೇನೆ. ಹಾಸನ, ಮೈಸೂರು ಕಡೆಯವರಿಗೆ ದಡಿ ಅಂದರೆ ಏನು ಅನಿಸುತ್ತದೆ, ತಿಳಿಸಿ.

ಗೆರೆ ಗೆರೆಯ ದಿಂಬಿನ ಗವಸಿಗೆ ಪಟಾಪಟಿ ಅಂತಲೇ ಇಟ್ಟೆ. ರೈತರ ಚಡ್ಡಿ ನೆನಪಾಗುತ್ತದೆ ಅಂತ ಒಬ್ಬರು ಬೇಡ ಅಂದರು. ನೆನಪಾಗಲಿ, ಅದು ಗಟ್ಟಿ ಬಟ್ಟೆ.

ನನಗೆ ಹೆಚ್ಚು ಹೊತ್ತು ಹಿಡಿದದ್ದು ಲಿನನ್. ಈ ಬಗೆಯ ಮನೆಗೆ ಲಿನನ್ ಬೇಕೇ ಬೇಕು ಅಂತಾರೆ. ಬೆವರು ಹೀರುತ್ತದೆ, ಬೇಗ ಒಣಗುತ್ತದೆ, ಮುದುಡುತ್ತದೆ, ಆ ಮುದುಡಿಕೆಯೇ ಅದರ ಚೆಂದ. ಇದು ಯಾವ ನಾರು? ಅಗಸೆಯ ನಾರು. ನಾವು ರೊಟ್ಟಿಯ ಜೊತೆ ತಿನ್ನುವ ಅಗಸಿ ಹಿಂಡಿ ಇದೆಯಲ್ಲ, ಅದೇ ಅಗಸಿ. ನಮ್ಮ ಎರಿ ಹೊಲದಲ್ಲಿ ಬೀಜಕ್ಕಾಗಿ ಬೆಳೆಯುವ ತಳಿ ಗಿಡ್ಡ, ಟೊಂಗೆ ಜಾಸ್ತಿ. ನಾರಿಗಾಗಿ ತಂಪು ದೇಶಗಳಲ್ಲಿ ಬೆಳೆಯುವ ತಳಿ ಎತ್ತರ, ನೆಟ್ಟಗೆ. ಗಿಡದ ಜಾತಿ ಮಾತ್ರ ಒಂದೇ, ಹೂವೂ ನೀಲಿಯೇ. ದಂಟನ್ನು ನೀರಿನಲ್ಲಿ ಕೊಳೆಹಾಕಿ ನಾರು ಬಿಡಿಸುತ್ತಾರೆ, ನಮ್ಮಲ್ಲಿ ಪುಂಡಿ ದಂಟಿನಿಂದ ಹಗ್ಗದ ನಾರು ತೆಗೆಯುತ್ತಿದ್ದ ಹಾಗೆ.

ಅಂಗಡಿಗೆ ಬಂದ ಒಬ್ಬ ಅಜ್ಜಿ ಪರದೆಯ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ತಿಕ್ಕಿ ನೋಡಿದರು. ಗಂಟು ಗಂಟಾದ ಎಳೆ ಕೈಗೆ ಹತ್ತುತ್ತಿತ್ತು. "ಇದು ಹತ್ತಿ ಅಲ್ಲ. ಏನವ್ವಾ ಇದು?" ಅಂದರು. ಅಗಸಿ ನಾರು ಆಯಿ, ಅಂದೆ. "ಹಿಂಡಿ ಮಾಡೂ ಅಗಸಿ?" ಹೌದು ಅಂದೆ. ಪರದೆಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದರು. ಲಿನನ್ ಅನ್ನುವ ಪದ ಆ ಅಜ್ಜಿಗೆ ಏನನ್ನೂ ಹೇಳಿರಲಿಲ್ಲ. ಅಗಸಿ ಅಂದ ಕೂಡಲೇ ಹೊಲ, ಹೂವು, ಒಲೆಯ ಮೇಲೆ ಬೀಜ ಚಟಪಟ ಅನ್ನುವ ಸದ್ದು ಎಲ್ಲ ಬಂತು.

ಆದರೆ ತೊಡಕಿದೆ. ನಮ್ಮ ಕಡೆ ಅಗಸಿ ಅಂದರೆ ಊರ ಬಾಗಿಲು ಕೂಡ. "ಅಗಸಿ ಪರದೆ" ಅಂದರೆ ಬಾಗಿಲಿಗೆ ಹಾಕುವ ಪರದೆ ಅಂದುಕೊಂಡಾರು. ದಕ್ಷಿಣದಲ್ಲಿ ಅಗಸೆ ಅಂದರೆ ಸೊಪ್ಪು, ಹೂವು ತಿನ್ನುವ ಒಂದು ಮರ. ಅಗಸ ಅಂದರೆ ಬಟ್ಟೆ ತೊಳೆಯುವವನು. ಇಷ್ಟು ಅರ್ಥಗಳ ನಡುವೆ "ಅಗಸಿನಾರಿನ ಬಟ್ಟೆ" ಅಂತ ಪೂರ್ತಿ ಬರೆದರೆ ಗೊಂದಲ ಇರುವುದಿಲ್ಲ ಅಂತ ನನ್ನ ಲೆಕ್ಕ. ಲಿನನ್ ಪದ ಬಿಡಬೇಕು ಅನ್ನುತ್ತಿಲ್ಲ. ಒಂದು ಸಲವಾದರೂ ಪಕ್ಕದಲ್ಲಿ ಅಗಸಿ ಇರಲಿ.

ಉಳಿದವು ಬೇಗ ಆದವು. ಬಣ್ಣಕ್ಕೆ "ಉಸುಕಿನ ಬಣ್ಣ". ಮರಳು ಅಂತ ಬರೆಯಿರಿ ಅಂದರು, ಆದರೆ ಇಲ್ಲಿ ಮನೆ ಕಟ್ಟುವವರು ತರಿಸುವುದು ಉಸುಕನ್ನೇ. ತಿಳಿನೀಲಿಗೆ ಹಳೆಯ ಸೀರೆ ಅಂಗಡಿಯವರ "ಆಸಮಾನಿ" ಇಟ್ಟೆ. ನೆಲದ ಹಾಸಿನಲ್ಲಿ ಹತ್ತಿಯದಕ್ಕೆ ಜಮಖಾನ, ಪಕ್ಕದಲ್ಲೇ ಜಮಖಾನಕ್ಕೆ ಹೆಸರಾದ ನವಲಗುಂದ ಇರುವಾಗ ಬೇರೆ ಪದ ಯಾಕೆ? ಸೆಣಬಿನದಕ್ಕೆ ಸೆಣಬಿನ ಹಾಸು. ಬಟ್ಟೆ ನೇಯುತ್ತಾರೆ, ಬೆತ್ತ ಹೆಣೆಯುತ್ತಾರೆ. ಮೊದಲ ಕರಡಿನಲ್ಲಿ "ನೇಯ್ದ ಬೆತ್ತದ ಕುರ್ಚಿ" ಅಂತ ಬಂದಿತ್ತು, ತಿದ್ದಿದೆ.

ಗೋಡೆಯ ಬಿಳಿಯ ಬಗ್ಗೆ ಒಂದು ಮಾತು. ಡಬ್ಬಿಯ ಮೇಲಿನ ಬಣ್ಣದ ಹೆಸರು ಏನೇ ಇರಲಿ, ನಮಗೆ ಗೊತ್ತಿರುವ ಬಿಳಿ ಸುಣ್ಣದ ಬಿಳಿ. ಹಬ್ಬಕ್ಕೆ ಸುಣ್ಣ ಹಚ್ಚುವಾಗ ಬಕೀಟಿಗೆ ಚಿಟಿಕೆ ನೀಲಿ ಹಾಕುತ್ತಿದ್ದರು, ಬಿಳಿ ಇನ್ನೂ ಬೆಳ್ಳಗೆ ಕಾಣಲಿ ಅಂತ. ನಮ್ಮಲ್ಲಿ ಸುಣ್ಣದ ಕಲ್ಲು ಸುಡುತ್ತಾರೆ. ಕರಾವಳಿಯಲ್ಲಿ ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ನೀಲಿ ಹಾಕಿದ ಆ ಚಿಪ್ಪಿನ ಸುಣ್ಣಕ್ಕಿಂತ ಸಮುದ್ರದ ಬಿಳಿ ಬೇರೆ ಯಾವುದಿದೆ? "ನೀಲಿ ಸುಣ್ಣದ ಬಿಳಿ" ಅಂತ ಬರೆದೆ.

ಎರಡು ಪದ ಇನ್ನೂ ಗಟ್ಟಿಯಾಗಿಲ್ಲ. ಒಂದು, ನೀರಿನಲ್ಲಿ ತೇಲಿ ಬಂದು ದಂಡೆಗೆ ಬಿದ್ದು, ಬಿಸಿಲಿಗೆ ಬಿಳಿಚಿಕೊಂಡ ಕಟ್ಟಿಗೆ. ದೀಪದ ಕಂಬಕ್ಕೆ ಅದನ್ನು ಬಳಸಿದ್ದಾರೆ. ಅಂಕೋಲಾ ಕಡೆಯಿಂದ ಬಂದ ಬಡಗಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಮಳೆಗಾಲದಲ್ಲಿ ಹೊಳೆ ತಂದು ಬೇಲೆಗೆ ಹಾಕಿದ್ದು ಅಂದರು, ಅದಕ್ಕೆ ಬೇರೆ ಹೆಸರು ಹೇಳಲಿಲ್ಲ. ನಾನು "ತೇಲುಗಟ್ಟಿಗೆ" ಅಂತ ಕಟ್ಟಿದ್ದೇನೆ. ನಮಗೆ ಕಟಗಿ ಅಂದರೆ ಕುರ್ಚಿ ಮಾಡುವ ಮರವೂ ಆಗುತ್ತದೆ. ಬೇರೆ ಕಡೆ ಕಟ್ಟಿಗೆ ಅಂದರೆ ಬರೀ ಒಲೆಗೆ ಹಾಕುವುದು ಅನಿಸೀತೇ?

ಎರಡನೆಯದು ಆ ಬಡಗಿಯ ಬಾಯಲ್ಲಿ ಬಂದ "ಬೇಲೆ". ಬೇಲೆ ಅಂದರೆ ಸಮುದ್ರದ ಉಸುಕಿನ ದಂಡೆ, ನಾವು ಬೀಚ್ ಅನ್ನುವುದು. ಸಂಸ್ಕೃತದ ವೇಲೆಯಿಂದ ಬಂದು ಅಲ್ಲಿಯ ಬಾಯಲ್ಲಿ ಬೇಲೆ ಆಗಿದೆ. ಎರಡೇ ಅಕ್ಷರ, ಬಾಯಿಗೆ ಸುಲಭ. ಕಡಲತೀರ ಅಂತ ಪುಸ್ತಕದಲ್ಲಿ ಬರೆಯುತ್ತೇವೆ, ಯಾರೂ ಆಡುವುದಿಲ್ಲ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಬದುಕಿರುವ ಪದ, ಈ ಕಡೆ ಯಾಕೆ ಹತ್ತಿ ಬರಲಿಲ್ಲ? ಹೊನ್ನಾವರ, ಭಟ್ಕಳ, ಕುಂದಾಪುರದ ಗೆಳೆಯರು ಹೇಳಿ, ನಿಮ್ಮಲ್ಲಿ ಬೇಲೆ ಎಲ್ಲಿಯ ತನಕ ನಡೆಯುತ್ತದೆ? ಅಂಗಡಿಯ ಹಾಳೆಯಲ್ಲಿ "ಬೇಲೆಯ ಉಸುಕಿನ ಬಣ್ಣ" ಅಂತ ಬರೆದರೆ ನಿಮಗೆ ಸರಿ ಕೇಳಿಸುತ್ತದೆಯೇ?

ಹಾಳೆ ಅಚ್ಚಿಗೆ ಹೋಗಲು ಇನ್ನು ಹತ್ತು ದಿನ ಇದೆ. ಮೇಲೆ ದೊಡ್ಡ ಅಕ್ಷರದಲ್ಲಿ "ಹಾಯಿಮನೆ" ಅಂತ ಬರುತ್ತದೆ, ಅದನ್ನು ಬದಲಿಸಲು ಕಾಕಾ ಈಗ ಒಪ್ಪುವುದಿಲ್ಲ. ತೆರೆ, ತೇಲುಗಟ್ಟಿಗೆ, ಬೇಲೆ ಈ ಮೂರರ ಜಾಗ ಖಾಲಿ ಬಿಟ್ಟಿದ್ದೇನೆ.